ಹೃದಯದ ಸುತ್ತ ನೀರು, ದಪ್ಪಗಾದ ಗೋಡೆ: ಅಪ್ಪನ ಎಕೋ ವರದಿ ನೋಡಿ ಹೇಳುವಿರಾ?

ಸಾಗರದ ಹುಡುಗಿ | ಜೂನ್ 3, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74 ವರ್ಷ. ಸಾಗರದ ಪೇಟೆಯಲ್ಲಿ ಸುಮಾರು ಐವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು. ನಾಲ್ಕು ತಿಂಗಳಿಂದ ಏದುಸಿರು, ಕಾಲು ಊತ. ಸಂಜೆಯ ಹೊತ್ತಿಗೆ ಕಣಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತದೆ.

ಆಸ್ಪತ್ರೆಯೊಂದರಲ್ಲಿ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ, ಹೃದಯದ ಸುತ್ತ ನೀರು ತುಂಬಿದೆ, ನಮ್ಮ ಕಡೆ ಇಂಥದ್ದು ಹೆಚ್ಚಾಗಿ ಕ್ಷಯದಿಂದ ಬರುತ್ತದೆ ಎಂದು ಕ್ಷಯದ ಮಾತ್ರೆ ಶುರು ಮಾಡಿದರು. ಜೊತೆಗೆ ಸ್ಟೀರಾಯ್ಡ್. ನೀರು ತೆಗೆದು ಪರೀಕ್ಷೆ ಮಾಡಲಿಲ್ಲ. ಜ್ವರ, ಕೆಮ್ಮು ಇರಲಿಲ್ಲ. ಕಫದಲ್ಲಿ ಏನೂ ಸಿಗಲಿಲ್ಲ. ಏಳು ವಾರವಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಬಿಟ್ಟರೆ ಬೇರೆ ಬದಲಾವಣೆ ಕಾಣಲಿಲ್ಲ. ಊತವಂತೂ ಹೆಚ್ಚೇ ಆಗಿದೆ.

ವರದಿಯಲ್ಲಿ ಇರುವುದು ಇಷ್ಟು: ಪೆರಿಕಾರ್ಡಿಯಲ್ ಎಫ್ಯೂಷನ್ (ಹೃದಯದ ಸುತ್ತಲಿನ ನೀರು) 14 ಮಿ.ಮೀ., ಎಡ ಹೃತ್ಕುಕ್ಷಿಯ ಗೋಡೆ 17 ಮಿ.ಮೀ., ಎರಡೂ ಹೃತ್ಕರ್ಣಗಳು ದೊಡ್ಡದಾಗಿವೆ, ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) 52 ಶೇಕಡಾ. ಗೋಡೆಯ ದಪ್ಪಕ್ಕೆ ಬಿಪಿ ಕಾರಣ ಎಂದು ಕೊನೆಯಲ್ಲಿ ಬರೆದಿದ್ದಾರೆ. ನನಗೆ ಅರ್ಥವಾಗದಿರುವುದು ಇದೇ. ಅಪ್ಪನ ಬಿಪಿ ಮಾತ್ರೆ ನಿಲ್ಲಿಸಿ ಎರಡು ವರ್ಷವಾಯಿತು. ಬಿಪಿ ತಾನಾಗಿಯೇ ಇಳಿದಿತ್ತು. ಸಾರಿಗೆ ಉಪ್ಪು ಕಡಿಮೆ ಹಾಕಿದ್ದರ ಫಲ ಎಂದು ಅಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ನಾಡಿ ಏರುಪೇರಾಗಿರುವುದರಿಂದ ರಕ್ತ ಹೆಪ್ಪುಗಟ್ಟದಂತೆ ಎಪಿಕ್ಸಬಾನ್ ಕೂಡ ಕೊಡುತ್ತಿದ್ದಾರೆ. ಯಾರಿಗಾದರೂ ಇಂಥ ಅನುಭವ ಇದೆಯೇ?

ಸಕ್ಕರೆ ನಾಡಿನವ | ಜೂನ್ 3, ರಾತ್ರಿ 10.15

ನನ್ನ ಅಣ್ಣನಿಗೂ ಹೀಗೆಯೇ ಆಗಿತ್ತು. ಅವನದು ಕ್ಷಯವೇ. ಆರು ತಿಂಗಳು ಮಾತ್ರೆ ನುಂಗಿದ, ನೀರು ಹೋಯಿತು, ಈಗ ಕಬ್ಬಿನ ಗದ್ದೆಯಲ್ಲಿ ನನಗಿಂತ ಜೋರಾಗಿ ಕೆಲಸ ಮಾಡುತ್ತಾನೆ. ಏಳು ವಾರಕ್ಕೇ ಧೈರ್ಯ ಕಳೆದುಕೊಳ್ಳಬೇಡಿ. ಅರ್ಧಕ್ಕೆ ಬಿಟ್ಟರೆ ಮುಂದೆ ಮಾತ್ರೆಗೆ ಬಗ್ಗದ ಕ್ಷಯ ಬರುತ್ತದೆ. ಬಾರ್ಲಿ ನೀರು, ಬೂದುಗುಂಬಳದ ರಸ ಕೊಡಿ. ಊತ ಇಳಿಯುತ್ತದೆ.

ಪ್ರೋಬ್ ಹಿಡಿದವನು | ಜೂನ್ 3, ರಾತ್ರಿ 11.05

ಹತ್ತೊಂಬತ್ತು ವರ್ಷಗಳಿಂದ ಎಕೋ ಕೋಣೆಯ ಕತ್ತಲೆಯಲ್ಲಿ ಕುಳಿತಿದ್ದೇನೆ. ವೈದ್ಯನಲ್ಲ, ತಂತ್ರಜ್ಞ. ಕಂಡದ್ದನ್ನು ಹೇಳುತ್ತೇನೆ.

ಎಲ್ಲರ ಕಣ್ಣೂ ನೀರಿನ ಮೇಲೆ ಹೋಗಿದೆ. ಪರದೆಯ ಮೇಲೆ ಕಪ್ಪು ಪಟ್ಟಿಯಾಗಿ ಎದ್ದು ಕಾಣುವುದು ಅದೇ ಆದ್ದರಿಂದ ಹಾಗಾಗುವುದು ಸಹಜ. ಆದರೆ ಈ ವರದಿಯಲ್ಲಿ ನನ್ನನ್ನು ನಿಲ್ಲಿಸಿದ್ದು 17 ಎಂಬ ಅಂಕಿ. ಗೋಡೆ 11 ದಾಟಿದರೇ ನಾವು ಕಾರಣ ಹುಡುಕಲು ಶುರು ಮಾಡುತ್ತೇವೆ. ಬಿಪಿ ಇಲ್ಲದ ಮನುಷ್ಯನಿಗೆ ಬಿಪಿಯಿಂದ 17 ಹೇಗೆ ಬಂತು?

ಇಸಿಜಿ ಕಾಗದ ಇದ್ದರೆ ಗೆರೆಗಳು ಎತ್ತರವಾಗಿವೆಯೋ ಕುಳ್ಳಗಿವೆಯೋ ನೋಡಿ ಹೇಳಿ.

ಸಾಗರದ ಹುಡುಗಿ | ಜೂನ್ 4, ಬೆಳಿಗ್ಗೆ 6.50

ಕುಳ್ಳಗಿವೆ. ಎದೆಯ ಕಡೆಯವು ಸ್ವಲ್ಪ ಕಾಣುತ್ತವೆ, ಕೈಕಾಲಿನವು ಇರುವೆ ಸಾಲಿನಂತೆ ಅಡ್ಡಡ್ಡ ಹೋಗಿವೆ. ಕೇಳಿದಾಗ, ಸುತ್ತ ನೀರಿದೆಯಲ್ಲ, ಅದಕ್ಕೇ ಎಂದಿದ್ದರು.

ಪ್ರೋಬ್ ಹಿಡಿದವನು | ಜೂನ್ 4, ಬೆಳಿಗ್ಗೆ 7.20

ಇದೇ ಬಲೆ. ನೀರು ಹೆಚ್ಚಿದ್ದರೆ ವಿದ್ಯುತ್ ಸಂಕೇತ ಮಂಕಾಗುತ್ತದೆ, ಅದು ನಿಜ. ಆದರೆ ಸ್ನಾಯುವೇ ಬೆಳೆದು ಗೋಡೆ ದಪ್ಪವಾಗಿದ್ದರೆ ಗೆರೆಗಳು ಎತ್ತರಕ್ಕೆ ಹೋಗುತ್ತವೆ. ಗೋಡೆ ದಪ್ಪ, ಗೆರೆ ಕುಳ್ಳ ಎಂದರೆ ಗೋಡೆಯಲ್ಲಿ ಸೇರಿಕೊಂಡಿರುವುದು ಸ್ನಾಯುವಲ್ಲ, ವಿದ್ಯುತ್ತನ್ನು ಹುಟ್ಟಿಸದ ಬೇರೇನೋ. ನೀರೂ ಇದ್ದುಬಿಟ್ಟರೆ ತಪ್ಪನ್ನೆಲ್ಲ ಅದರ ತಲೆಗೆ ಕಟ್ಟಿ ಎಲ್ಲರೂ ಸುಮ್ಮನಾಗುತ್ತಾರೆ. ನೀರು ತೆಗೆದ ಮೇಲೂ ಗೆರೆ ಕುಳ್ಳಗೇ ಉಳಿದರೆ ಗುಟ್ಟು ರಟ್ಟಾಗುತ್ತದೆ.

ನನ್ನ ಅನುಮಾನ ಅಮೈಲಾಯ್ಡ್ ಮೇಲೆ, ಅಂದರೆ ಗೋಡೆಯಲ್ಲಿ ಬಂದು ಕೂರುವ ಪ್ರೋಟೀನ್ ಮೇಲೆ. ಸ್ಟ್ರೇನ್ ಎಂಬ ಅಳತೆ ತೆಗೆಸಿ. ಹೃದಯದ ಬುಡದ ಭಾಗ ಸೋತು, ತುದಿ ಮಾತ್ರ ಚೆನ್ನಾಗಿ ಹಿಂಡುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ವೃತ್ತಾಕಾರದ ಚಿತ್ರದಲ್ಲಿ ನಡುವೆ ಕಡು ಕೆಂಪು, ಸುತ್ತ ಪೇಲವ. ಕುಂಕುಮದ ಬೊಟ್ಟು ಇಟ್ಟಂತೆ ಕಾಣುತ್ತದೆ.

ಕಲಬುರಗಿ ವೈದ್ಯೆ | ಜೂನ್ 4, ಮಧ್ಯಾಹ್ನ 2.30

ಹೃದ್ರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ರೋಗಿಯನ್ನು ನೋಡದೆ ಚಿಕಿತ್ಸೆ ಹೇಳುವುದಿಲ್ಲ, ಕೇಳಬೇಕಾದ ಪ್ರಶ್ನೆಗಳನ್ನು ಹೇಳುತ್ತೇನೆ. ಅಪ್ಪನವರಿಗೆ ಕೈ ಜೋಮು ಹಿಡಿಯುತ್ತಿತ್ತೇ? ಎರಡೂ ಕೈ? ನಡೆಯುವಾಗ ಸೊಂಟದಿಂದ ಕಾಲಿಗೆ ಸೆಳೆತ ಬಂದು ಕುಳಿತರೆ ಸರಿಯಾಗುತ್ತಿತ್ತೇ? ತೋಳಿನ ಸ್ನಾಯು ಹರಿದು ಗಂಟಿನಂತೆ ಮುದುಡಿಕೊಂಡಿದೆಯೇ? ನಾಲಿಗೆ ದಪ್ಪವಾಗಿ ಹಲ್ಲಿನ ಗುರುತು ಮೂಡಿದೆಯೇ?

ಸಕ್ಕರೆ ನಾಡಿನವರೇ, ನಿಮ್ಮ ಅಣ್ಣನವರ ವಿಷಯ ಸಂತೋಷ. ನಮ್ಮಲ್ಲಿ ಹೃದಯಾವರಣದ ನೀರಿಗೆ ಕ್ಷಯವನ್ನು ಮೊದಲು ನೆನೆಯುವುದು ತಪ್ಪಲ್ಲ, ನಾನೂ ನೆನೆಯುತ್ತೇನೆ. ತಪ್ಪಾಗುವುದು ಅಲ್ಲಿಗೇ ನಿಂತಾಗ. ಇನ್ನು ಬಾರ್ಲಿ ನೀರು. ದಿನಕ್ಕೆ ಎಷ್ಟು ಲೋಟ ನೀರು ಕುಡಿಯಬಹುದು ಎಂದು ಲೆಕ್ಕ ಹಾಕಿಕೊಟ್ಟಿರುವ ರೋಗಿಗೆ ಅದೂ ನೀರೇ.

ಸಾಗರದ ಹುಡುಗಿ | ಜೂನ್ 4, ರಾತ್ರಿ 8.10

ಡಾಕ್ಟರೇ, ಓದಿ ಮೈ ಜುಮ್ಮೆಂದಿತು. ಅಪ್ಪನಿಗೆ 2016ರಲ್ಲಿ ಬಲಗೈಗೆ, ಮರುವರ್ಷ ಎಡಗೈಗೆ ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ತೊಂದರೆ) ಶಸ್ತ್ರಚಿಕಿತ್ಸೆ ಆಗಿದೆ. ರಾತ್ರಿ ಕೈ ಕೊಡವಿಕೊಂಡು ಎದ್ದು ಕೂರುತ್ತಿದ್ದರು. ಒಮ್ಮೆ ಮದುವೆಯ ರವಿಕೆಯೊಂದನ್ನು ಕತ್ತರಿಸುವಾಗ ಕತ್ತರಿ ಕೈಯಿಂದ ಜಾರಿ ಬಿದ್ದು ಬಟ್ಟೆ ಅಡ್ಡಡ್ಡ ಸೀಳಿತು. ಗಿರಾಕಿಗೆ ಹೊಸ ಬಟ್ಟೆ ಕೊಡಿಸಬೇಕಾಯಿತು. ಜೀವಮಾನವೆಲ್ಲ ಕತ್ತರಿ ಹಿಡಿದ ಕೈ, ನರ ಒತ್ತಿದೆ ಎಂದು ಎಲ್ಲರೂ ಅಂದರು. ನಾವೂ ಅಂದುಕೊಂಡೆವು. ಹೊಲಿಗೆಯವನ ಕೈ ಜೋಮು ಹಿಡಿದರೆ ಹೃದಯ ನೋಡಿ ಎಂದು ಯಾರು ಹೇಳುತ್ತಾರೆ?

ನಾಲಿಗೆ ಮಾಮೂಲಿ. ಸೊಂಟದ ಸೆಳೆತ ಇದೆ.

ಕಲಬುರಗಿ ವೈದ್ಯೆ | ಜೂನ್ 4, ರಾತ್ರಿ 10.45

ಹಾಗಾದರೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಅಂಗಾಂಶದೊಳಗೆ ಕಂಡ ಒಂದು ವಸ್ತುವಿಗೆ ಅಯೋಡಿನ್ ಹಾಕಿದಾಗ ಅದು ಪಿಷ್ಟದಂತೆ ಬಣ್ಣ ತಿರುಗಿತು. ಪಿಷ್ಟವೇ ಎಂದು ತಿಳಿದು ಅಮೈಲಾಯ್ಡ್ ಎಂದು ಕರೆದ. ಅದು ಪ್ರೋಟೀನ್ ಎಂದು ಕೆಲವೇ ವರ್ಷಗಳಲ್ಲಿ ಗೊತ್ತಾದರೂ ಹೆಸರು ಉಳಿಯಿತು. ಹೆಸರು ತಪ್ಪಾದರೂ ಹೋಲಿಕೆ ಸರಿಯಾಗಿದೆ. ನಿಮ್ಮ ತಂದೆಯವರಿಗೆ ಹೇಳುವುದಾದರೆ ಹೃದಯಕ್ಕೆ ಗಂಜಿ ಹಾಕಿದಂತೆ. ಗಂಜಿ ಹಾಕಿದ ಪಂಚೆ ನಿಲ್ಲಿಸಿದರೆ ನಿಲ್ಲುತ್ತದೆ, ಮಡಿಸಿದರೆ ಮಡಿಯುವುದಿಲ್ಲ. ಈ ಹೃದಯವೂ ಹಿಂಡುತ್ತದೆ, ಆದರೆ ಸಡಿಲವಾಗಿ ಅರಳಿ ರಕ್ತ ತುಂಬಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಅದಕ್ಕೇ ಇಎಫ್ 52 ಇದ್ದರೂ ಏದುಸಿರು. ಹಿಂದೆ ಬಿಪಿ ಇದ್ದವರಿಗೆ ಬಿಪಿ ತಾನಾಗಿ ಇಳಿಯುವುದೂ ಈ ರೋಗದ ಹಳೆಯ ಗುರುತು. ಅಮ್ಮನವರಿಗೆ ಈಗಲೇ ಇದನ್ನು ಹೇಳಬೇಡಿ.

ಹೃದಯಕ್ಕೆ ಬರುವುದು ಮುಖ್ಯವಾಗಿ ಎರಡು ಬಗೆ. ಎಎಲ್ ಎನ್ನುವುದು ಮೂಳೆಮಜ್ಜೆಯ ಪ್ಲಾಸ್ಮಾ ಕೋಶಗಳು ಮಾಡುವ ಪ್ರೋಟೀನ್ ಚೂರುಗಳಿಂದ ಬರುತ್ತದೆ. ಎಟಿಟಿಆರ್ ಎನ್ನುವುದು ಟ್ರಾನ್ಸ್‌ಥೈರೆಟಿನ್‌ನಿಂದ. ಅದು ಯಕೃತ್ತು ತಯಾರಿಸುವ, ಥೈರಾಯ್ಡ್ ಹಾರ್ಮೋನನ್ನೂ ಎ ಜೀವಸತ್ವವನ್ನೂ ಹೊತ್ತು ತಿರುಗುವ ಪ್ರೋಟೀನ್. ನಾಲ್ಕು ತುಂಡುಗಳ ಜೋಡಣೆ ಅದು. ಬಿಚ್ಚಿಕೊಂಡ ತುಂಡುಗಳು ತಿರುಚಿ ನಾರಾಗಿ ಮಣಿಕಟ್ಟು, ಬೆನ್ನುಹುರಿಯ ಸುತ್ತಲಿನ ಅಸ್ಥಿರಜ್ಜು, ಹೃದಯದಲ್ಲಿ ಕುಳಿತುಕೊಳ್ಳುತ್ತವೆ. ವಯಸ್ಸಾದ ಗಂಡಸರಲ್ಲಿ ಹೆಚ್ಚು. ಎರಡೂ ಕೈಯ ಕಾರ್ಪಲ್ ಟನಲ್ ಹೃದಯದ ತೊಂದರೆಗಿಂತ ಐದು-ಹತ್ತು ವರ್ಷ ಮುಂಚೆಯೇ ಬಂದಿರುತ್ತದೆ.

ಈಗ ನೀರಿನ ವಿಷಯ. ಹೃದಯದ ಹೊರಗೆ ಎರಡು ಪದರದ ಚೀಲ ಇರುತ್ತದೆ, ನಡುವೆ 15ರಿಂದ 50 ಮಿ.ಲೀ. ದ್ರವ ಎಲ್ಲರಿಗೂ ಇರುತ್ತದೆ. ಒಳಗೆ ಹೃದಯ ಬಿಗಿದುಕೊಂಡು ಬಲಗಡೆಯ ಒತ್ತಡ ಏರಿದಾಗ, ಈ ದ್ರವವನ್ನು ಹಿಂದಕ್ಕೆ ಒಯ್ಯುವ ಸಿರೆಗಳೂ ದುಗ್ಧನಾಳಗಳೂ ಕಟ್ಟಿಕೊಳ್ಳುತ್ತವೆ. ಅಮೈಲಾಯ್ಡ್ ಚೀಲದ ಪದರದಲ್ಲಿಯೇ ಸೇರಿಕೊಳ್ಳುವುದೂ ಉಂಟು. ಹಾಗಾಗಿ ಹೃದಯದ ಅಮೈಲಾಯ್ಡ್ ಇರುವವರಲ್ಲಿ ಸ್ವಲ್ಪ ನೀರು ಕಾಣುವುದು ಸಾಮಾನ್ಯ. ಹೆಚ್ಚಿನವರಲ್ಲಿ ಅದು ಕಡಿಮೆ, ಅಪಾಯ ಮಾಡುವುದಿಲ್ಲ. ಆದರೆ ಇದ್ದರೆ ರೋಗ ಮುಂದುವರಿದಿದೆ ಎಂದು ಓದಿಕೊಳ್ಳಬೇಕು. ಉರಿಯೂತದ ನೀರಲ್ಲವಾದ್ದರಿಂದ ಕೊಲ್ಚಿಸಿನ್, ನೋವಿನ ಮಾತ್ರೆಗಳಿಂದ ಪ್ರಯೋಜನವಿಲ್ಲ. ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟು ಊತ ಹೆಚ್ಚಿಸುತ್ತದೆ. ಸ್ಟೀರಾಯ್ಡ್ ಸಹ ಉಪ್ಪುನೀರನ್ನು ಮೈಯಲ್ಲೇ ಹಿಡಿದಿಡುವ ಔಷಧ.

ಇನ್ನೊಂದು ಗಂಟು. ಕ್ಷಯದ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಎಪಿಕ್ಸಬಾನ್‌ನ ಬಲವನ್ನು ಕುಗ್ಗಿಸುತ್ತದೆ. ಅಮೈಲಾಯ್ಡ್ ಹೃದಯದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚು. ಎರಡೂ ಚೀಟಿಗಳನ್ನು ಒಬ್ಬರೇ ವೈದ್ಯರ ಮುಂದೆ ಇಡಿ. ಇದು ನಾಳೆಯೇ ಆಗಬೇಕಾದ ಕೆಲಸ.

ವೇದಿಕೆ ನಿರ್ವಾಹಕ | ಜೂನ್ 5, ಬೆಳಿಗ್ಗೆ 9.00

ಮಾತ್ರೆ ನಿಲ್ಲಿಸಿ, ಶುರು ಮಾಡಿ ಎಂದು ಯಾರೂ ಇಲ್ಲಿ ಬರೆಯಬೇಡಿ. ಅಂಥ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ಕುಂದಾಪುರದಾಕೆ | ಜೂನ್ 5, ಸಂಜೆ 5.30

ತಂಗಿ, ನನ್ನ ಯಜಮಾನರದು ಎಎಲ್. ಮೂರು ವರ್ಷವಾಯಿತು. ಅವರಿಗೆ ಕಣ್ಣಿನ ಸುತ್ತ ನೇರಳೆ ಬಣ್ಣ ಕಟ್ಟುತ್ತಿತ್ತು. ಜೋರಾಗಿ ಕೆಮ್ಮಿದರೆ, ಬಗ್ಗಿ ತೆಂಗಿನಕಾಯಿ ಹೆಕ್ಕಿದರೆ ಸಾಕು, ಯಾರೋ ಗುದ್ದಿದಂತೆ. ಮನೆಯಲ್ಲಿ ಹೊಡೆದಾಟವೇ ಎಂದು ಜನ ನನ್ನನ್ನು ನೋಡುತ್ತಿದ್ದರು! ಅಂಗಡಿಯವರು ಉಚ್ಚಾರ ಬದಲಾಗಿದೆ ಎಂದಾಗ ನಾಲಿಗೆ ದಪ್ಪವಾದದ್ದು ತಿಳಿಯಿತು.

ಅವರಿಗೂ ಹೃದಯದ ಸುತ್ತ ನೀರಿತ್ತು. ಸೂಜಿ ಹಾಕಬೇಕೇ ಎಂಬ ಚರ್ಚೆ ಬಂದಾಗ ರಕ್ತದ ವೈದ್ಯರು ತಡೆದು, ಮೊದಲು ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ ಎಂದರು. ಎಎಲ್ ಇರುವ ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಹತ್ತನೆಯ ಅಂಶವನ್ನು ಅಮೈಲಾಯ್ಡ್ ಹೀರಿಕೊಂಡುಬಿಡುತ್ತದಂತೆ. ಇವರಿಗೆ ಹಾಗೆಯೇ ಆಗಿತ್ತು. ಸೂಜಿ ಹಾಕಲಿಲ್ಲ. ಡಾರಾಟುಮುಮಾಬ್ ಸೇರಿಸಿದ ಚಿಕಿತ್ಸೆ ಶುರುವಾದ ಮೇಲೆ ನೀರು ನಿಧಾನವಾಗಿ ಕಡಿಮೆಯಾಯಿತು.

ಎಎಲ್ ಆಗಿದ್ದರೆ ಕಾಯಬೇಡಿ. ಹೃದಯಕ್ಕೆ ಬಂದ ಎಎಲ್‌ಗೆ ಚಿಕಿತ್ಸೆ ಸಿಗದಿದ್ದರೆ ತಿಂಗಳುಗಳ ಲೆಕ್ಕ. ಎಎಲ್‌ನ ಪ್ರೋಟೀನ್ ಹುಡುಕುವ ಪರೀಕ್ಷೆಗಳಿವೆ: ರಕ್ತದಲ್ಲಿ ಫ್ರೀ ಲೈಟ್ ಚೈನ್, ರಕ್ತ ಮತ್ತು ಮೂತ್ರ ಎರಡರಲ್ಲೂ ಇಮ್ಯೂನೋಫಿಕ್ಸೇಶನ್. ಈ ಮೂರನ್ನೂ ಒಟ್ಟಿಗೇ ಮಾಡಿಸಿ. ಒಂದೊಂದಾಗಿ ಮಾಡಿಸಿ ನಾವು ಒಂದೂವರೆ ತಿಂಗಳು ಕಳೆದೆವು.

ಸಾಗರದ ಹುಡುಗಿ | ಜೂನ್ 8, ಮಧ್ಯಾಹ್ನ 1.15

ಮೂರು ದಿನ ಇತ್ತ ಬರಲಾಗಲಿಲ್ಲ. ಗುರುವಾರ ರಾತ್ರಿ ಅಪ್ಪ ಮಲಗಲೇ ಇಲ್ಲ. ಹೊಲಿಗೆ ಯಂತ್ರದ ಮೇಲೆ ದಿಂಬು ಇಟ್ಟುಕೊಂಡು, ಅದಕ್ಕೆ ಎದೆಯಾನಿಸಿ, ಬಗ್ಗಿ ಕುಳಿತೇ ಬೆಳಗು ಮಾಡಿದರು. ಬೆಳಿಗ್ಗೆ ಮುಖ ಬೂದಿ ಬಣ್ಣ, ಮೂತ್ರ ಇಷ್ಟೇ ಇಷ್ಟು. ಶಿವಮೊಗ್ಗಕ್ಕೆ ಕರೆದೊಯ್ದೆವು. ಬಿಪಿ 92/70. ನೀರು 23 ಮಿ.ಮೀ. ಆಗಿತ್ತು.

ಮೊದಲು ನೋಡಿದ ಕಿರಿಯ ವೈದ್ಯರು ಎಕೋ ಮಾಡಿ, ಬಲಗಡೆಯ ಗೋಡೆ ಕುಸಿಯುತ್ತಿಲ್ಲ, ಆದ್ದರಿಂದ ಟ್ಯಾಂಪೊನೇಡ್ (ಸುತ್ತಲಿನ ನೀರು ಹೃದಯವನ್ನು ಒತ್ತಿ ರಕ್ತ ತುಂಬದಂತೆ ಮಾಡುವುದು) ಅಲ್ಲ ಎಂದು ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟರು. ಬಿಪಿ 84ಕ್ಕೆ ಇಳಿಯಿತು. ಆಗ ಹಿರಿಯರೊಬ್ಬರು ಬಂದರು. ಯಂತ್ರ ಮುಟ್ಟುವ ಮೊದಲು ಅಪ್ಪನ ಕುತ್ತಿಗೆಯ ರಕ್ತನಾಳವನ್ನು ಓರೆಯಾಗಿ ಟಾರ್ಚ್ ಬಿಟ್ಟು ಒಂದೆರಡು ನಿಮಿಷ ನೋಡಿದರು. ಅದು ಕಿವಿಯ ಹಾಲೆಯವರೆಗೂ ಉಬ್ಬಿತ್ತು. ಹಳೆಯ ಎಕೋ ಕೇಳಿದರು. ಎಪಿಕ್ಸಬಾನ್ ಕೊನೆಯ ಗುಳಿಗೆ ಯಾವಾಗ ಎಂದು ಮೂರು ಸಲ ಕೇಳಿದರು. ಆಮೇಲೆ, ಇನ್ನು ಕಾಯುವುದು ಬೇಡ ಎಂದರು.

ಎದೆಮೂಳೆಯ ಕೆಳಗಿನಿಂದ, ಎಕೋ ನೋಡಿಕೊಂಡೇ ಸೂಜಿ ಹಾಕಿದರು. ತೆಳು ಹಳದಿ ನೀರು, ಹೊಸ ಒಣಹುಲ್ಲಿನ ಬಣ್ಣ. ಮೊದಲ ಕೆಲವು ಸಿರಿಂಜುಗಳಿಗೇ ಬಿಪಿ 108. ಎಲ್ಲವನ್ನೂ ಒಂದೇ ಸಲ ಎಳೆಯದೆ, ನಳಿಕೆ ಬಿಟ್ಟು ಎರಡು ದಿನದಲ್ಲಿ 650 ಮಿ.ಲೀ. ತೆಗೆದರು. ಅಂದು ರಾತ್ರಿ ಅಪ್ಪ ಎರಡು ದಿಂಬು ಹಾಕಿಕೊಂಡು ಮಲಗಿದರು. ಆದರೆ ಶೌಚಾಲಯದವರೆಗೆ ನಡೆದರೆ ಮತ್ತೆ ಅದೇ ಏದುಸಿರು. ನೀರು ಹೋದ ಮೇಲೂ ಏಕೆ ಹೀಗೆ?

ಹೇಳಲು ಮರೆತೆ. ನೀರು ತೆಗೆದ ಮೇಲೆ ಇಸಿಜಿ ಮಾಡಿದರು. ಇರುವೆ ಸಾಲು ಹಾಗೆಯೇ ಇದೆ.

ಪ್ರೋಬ್ ಹಿಡಿದವನು | ಜೂನ್ 8, ಸಂಜೆ 4.00

ಆ ಹಿರಿಯರಿಗೆ ನನ್ನ ನಮಸ್ಕಾರ.

ಬಲಗಡೆಯ ಗೋಡೆ ಏಕೆ ಕುಸಿಯಲಿಲ್ಲ ಎಂಬುದನ್ನು ಎಕೋ ಕಲಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಸಾಮಾನ್ಯ ಹೃದಯದಲ್ಲಿ ಬಲ ಹೃತ್ಕುಕ್ಷಿಯ ಗೋಡೆ ತೆಳು, ಒಳಗಿನ ಒತ್ತಡವೂ ಕಡಿಮೆ. ಹೊರಗಿನ ನೀರಿನ ಒತ್ತಡ ಅದನ್ನು ಮೀರಿದ ಕ್ಷಣವೇ ಗೋಡೆ ಒಳಕ್ಕೆ ತಗ್ಗುತ್ತದೆ. ಪರದೆಯ ಮೇಲೆ ಅದು ಕಂಡರೆ ಓಡಬೇಕು ಎಂದು ನಮಗೆ ಕಲಿಸಿರುತ್ತಾರೆ. ಅಮೈಲಾಯ್ಡ್‌ನಲ್ಲಿ ಆ ಗೋಡೆಯೂ ದಪ್ಪವಾಗಿ ಬಿರುಸಾಗಿರುತ್ತದೆ, ಒಳಗಿನ ಒತ್ತಡ ಮೊದಲೇ ಏರಿರುತ್ತದೆ. ಗಾಳಿ ಇಳಿದ ಟ್ಯೂಬನ್ನು ಬೆರಳಿನಲ್ಲಿ ಒತ್ತಿದರೆ ತಗ್ಗುತ್ತದೆ, ಗಟ್ಟಿಯಾಗಿ ಗಾಳಿ ತುಂಬಿದ ಟೈರನ್ನು ಒತ್ತಿ ನೋಡಿ. ಒತ್ತಡ ಇಲ್ಲವೆಂದಲ್ಲ, ತಗ್ಗುವುದಿಲ್ಲ ಅಷ್ಟೆ. ಕುಸಿತ ಕಾಣಲಿಲ್ಲ ಎಂದು ಅಪಾಯವಿಲ್ಲ ಎನ್ನುವ ಹಾಗಿಲ್ಲ.

ಇನ್ನೊಂದು ಗುರುತು ಉಸಿರಾಟದ ಜೊತೆ ರಕ್ತದ ಹರಿವು ಏರಿಳಿಯುವುದು. ನಿಮ್ಮ ತಂದೆಯವರ ನಾಡಿಯೇ ಏರುಪೇರು, ಒಂದು ಬಡಿತ ಇದ್ದಂತೆ ಇನ್ನೊಂದಿಲ್ಲ. ಅಲ್ಲಿ ಉಸಿರಾಟದ ಏರಿಳಿತವನ್ನು ಬೇರ್ಪಡಿಸಿ ಅಳೆಯುವುದು ಸಂತೆಯಲ್ಲಿ ಗಡಿಯಾರದ ಸದ್ದು ಕೇಳಿದಂತೆ. ಹೊಟ್ಟೆಯ ದೊಡ್ಡ ಸಿರೆ ಉಬ್ಬಿದೆಯೇ ಎಂದು ನೋಡೋಣ ಎಂದರೆ ಈ ರೋಗಿಗಳಲ್ಲಿ ಅದು ನೀರಿಲ್ಲದಿದ್ದರೂ ಉಬ್ಬಿರುತ್ತದೆ. ಉಳಿಯುವುದು ಏನು? ಹಳೆಯ ಎಕೋ, ಬಿಪಿ ಇಳಿದ ರೀತಿ, ಮೂತ್ರದ ಪ್ರಮಾಣ, ಮುಖದ ಬಣ್ಣ. ನಿಮ್ಮ ಹಿರಿಯ ವೈದ್ಯರು ನೋಡಿದ್ದು ಅದನ್ನೇ.

ಕಲಬುರಗಿ ವೈದ್ಯೆ | ಜೂನ್ 8, ರಾತ್ರಿ 9.20

ಏದುಸಿರು ಏಕೆ ಉಳಿಯಿತು ಎಂಬ ಪ್ರಶ್ನೆಗೆ: ಹೊರಗಿನ ಒತ್ತುವಿಕೆ ಹೋಯಿತು, ಒಳಗಿನ ಬಿಗಿತ ಹೋಗಿಲ್ಲ. ನೀರು ಆ ರಾತ್ರಿ ಜೀವಕ್ಕೆ ಅಪಾಯ ತಂದಿತ್ತು, ತೆಗೆದದ್ದು ಸರಿ. ಆದರೆ ರೋಗ ಇರುವುದು ಗೋಡೆಯಲ್ಲಿ. ಗೋಡೆಯ ಚಿಕಿತ್ಸೆ ಆಗದೆ ನೀರು ಮತ್ತೆ ಬರಬಹುದು ಎಂಬುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮೂತ್ರದ ಇಂಜೆಕ್ಷನ್‌ಗೆ ಬಿಪಿ ಕುಸಿದದ್ದೂ ಪಾಠವೇ. ಟ್ಯಾಂಪೊನೇಡ್‌ನಲ್ಲಿ ಹೃದಯ ಹೇಗೋ ತುಂಬಿಕೊಳ್ಳುತ್ತಿರುವುದು ಸಿರೆಗಳ ಒತ್ತಡದ ಬಲದಿಂದ. ಅದನ್ನು ಕಿತ್ತುಕೊಂಡರೆ ಬಿಪಿ ಬೀಳುತ್ತದೆ. ಟ್ಯಾಂಪೊನೇಡ್ ಇಲ್ಲದಾಗ ಊತಕ್ಕೆ ಟಾರ್ಸಿಮೈಡ್, ಸ್ಪೈರೊನೊಲ್ಯಾಕ್ಟೋನ್ ಬೇಕೇ ಬೇಕು, ಆದರೆ ಅಮೈಲಾಯ್ಡ್ ಹೃದಯದಲ್ಲಿ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ದಿನವೂ ಬೆಳಿಗ್ಗೆ ಶೌಚದ ನಂತರ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ನಾಡಿಯ ವೇಗ ಇಳಿಸಲು ಯಾರಾದರೂ ಡಿಲ್ಟಿಯಾಜೆಮ್ ಅಥವಾ ವೆರಾಪಮಿಲ್ ಬರೆದರೆ ಅಮೈಲಾಯ್ಡ್ ಅನುಮಾನವಿದೆ ಎಂದು ಬಾಯಿ ಬಿಟ್ಟು ಹೇಳಿ.

ತೆಗೆದ ನೀರಿನ ವರದಿ ಏನು ಬಂತು?

ಸಾಗರದ ಹುಡುಗಿ | ಜೂನ್ 10, ಬೆಳಿಗ್ಗೆ 11.30

ಪ್ರೋಟೀನ್ ಕಡಿಮೆ, ಕೋಶಗಳು ಕಡಿಮೆ, ಎಡಿಎ (ಕ್ಷಯದ ನೀರಿನಲ್ಲಿ ಏರುವ ಕಿಣ್ವ) 9. ಸಿಬಿ-ನ್ಯಾಟ್‌ನಲ್ಲಿ ಕ್ಷಯದ ಕುರುಹು ಇಲ್ಲ. ಎದೆಯ ಸಿಟಿಯಲ್ಲೂ ಗಂಟುಗಳಿಲ್ಲ. ಶಿವಮೊಗ್ಗದ ವೈದ್ಯರೇ ಮೊದಲಿನವರೊಂದಿಗೆ ಮಾತನಾಡಿ ಕ್ಷಯದ ಮಾತ್ರೆ ನಿಲ್ಲಿಸಿದರು, ಸ್ಟೀರಾಯ್ಡನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ. ಸ್ಟ್ರೇನ್ ಚಿತ್ರ ಬಂದಿದೆ. ಕುಂಕುಮದ ಬೊಟ್ಟು ಇದೆ.

ಸಕ್ಕರೆ ನಾಡಿನವ | ಜೂನ್ 10, ಮಧ್ಯಾಹ್ನ 12.05

ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ ತಂಗಿ. ನನ್ನ ಅಣ್ಣನ ನೀರಿನಲ್ಲಿ ಎಡಿಎ 70ರ ಮೇಲಿತ್ತು, ಜ್ವರವೂ ಇತ್ತು. ಈಗ ವ್ಯತ್ಯಾಸ ತಿಳಿಯಿತು.

ಬಯಲುಸೀಮೆ | ಜೂನ್ 11, ರಾತ್ರಿ 8.45

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಮಾವನವರಿಗೆ 58. ಹೊಟ್ಟೆಯಲ್ಲಿ ನೀರು, ಕಾಲು ಊತ. ಹೃದಯದ ಸುತ್ತಲಿನ ಚೀಲ ಗಟ್ಟಿಯಾಗಿದೆ, ಎದೆ ತೆರೆದು ಅದನ್ನು ಸುಲಿದು ತೆಗೆಯಬೇಕು ಎಂದಿದ್ದಾರೆ. ಮೂವತ್ತು ವರ್ಷಗಳ ಹಿಂದೆ ಕ್ಷಯ ಬಂದು ವಾಸಿಯಾಗಿತ್ತು. ಇಲ್ಲಿ ಓದಿದ ಮೇಲೆ ಇದೂ ಅಮೈಲಾಯ್ಡ್ ಇರಬಹುದೇ, ಶಸ್ತ್ರಚಿಕಿತ್ಸೆ ಬೇಡವೇ ಎಂಬ ದಿಗಿಲು ಹತ್ತಿದೆ.

ಕಲಬುರಗಿ ವೈದ್ಯೆ | ಜೂನ್ 11, ರಾತ್ರಿ 11.10

ದಿಗಿಲು ಬೇಡ. ನಿಮ್ಮ ಮಾವನವರ ಕಥೆ ಬೇರೆ ಇರಬಹುದು. ಇಂಥ ಚರ್ಚೆ ಓದಿ ಬೇಕಾದ ಶಸ್ತ್ರಚಿಕಿತ್ಸೆ ಬಿಟ್ಟರೆ ಅದೂ ಅನಾಹುತವೇ.

ಚೀಲ ಬಿಗಿದರೂ, ಗೋಡೆ ಬಿಗಿದರೂ ಹೊರಗೆ ಕಾಣುವುದು ಒಂದೇ: ಉಬ್ಬಿದ ಕುತ್ತಿಗೆಯ ಸಿರೆ, ಹೊಟ್ಟೆಯ ನೀರು, ಕಾಲಿನ ಊತ. ಹೃದಯದೊಳಗೆ ಕ್ಯಾಥೆಟರ್ ಇಟ್ಟು ಒತ್ತಡ ಬರೆದುಕೊಂಡರೂ ಎರಡರಲ್ಲೂ ವರ್ಗಮೂಲದ ಚಿಹ್ನೆಯಂಥ ಗೆರೆಯೇ ಬರುತ್ತದೆ. ಆದರೆ ಚೀಲ ಬಿಗಿದಾಗ ಒಳಗಿನ ಸ್ನಾಯು ಗಟ್ಟಿಮುಟ್ಟಾಗಿರುತ್ತದೆ. ಹಾಗಾಗಿ ಮೈಟ್ರಲ್ ಕವಾಟದ ಬುಡ ಚುರುಕಾಗಿ ಚಲಿಸುತ್ತದೆ, ಎಕೋದಲ್ಲಿ ಸೆಕೆಂಡಿಗೆ 8-9 ಸೆಂ.ಮೀ. ಅಥವಾ ಹೆಚ್ಚು. ಅಮೈಲಾಯ್ಡ್‌ನಲ್ಲಿ ಅದು 4-5ಕ್ಕೆ ಇಳಿದಿರುತ್ತದೆ. ಚೀಲ ಬಿಗಿದಾಗ ಎಡಬಲ ಕೋಣೆಗಳು ಒಂದೇ ಗೂಡಿನಲ್ಲಿ ಸಿಕ್ಕಿಬಿದ್ದ ಇಬ್ಬರಂತೆ. ಉಸಿರೆಳೆದಾಗ ಬಲಗಡೆಯದು ಹಿಗ್ಗಿದರೆ ಎಡಗಡೆಯದು ಜಾಗ ಬಿಡಬೇಕು. ನಡುವಿನ ಗೋಡೆ ಅತ್ತಿತ್ತ ಜಿಗಿಯುವುದು ಕಾಣುತ್ತದೆ. ಗೋಡೆಯೇ ಬಿಗಿದ ರೋಗದಲ್ಲಿ ಈ ಜಿಗಿತ ಇರುವುದಿಲ್ಲ.

ಸಿಟಿಯಲ್ಲಿ ಚೀಲಕ್ಕೆ ಸುಣ್ಣ ಕಟ್ಟಿದ್ದರೆ, ಕವಾಟದ ಬುಡದ ವೇಗ ಚೆನ್ನಾಗಿದ್ದರೆ, ಸುಲಿಯುವ ಶಸ್ತ್ರಚಿಕಿತ್ಸೆ ಅವರಿಗೆ ಬದುಕು ಕೊಡಬಹುದು. ಅಮೈಲಾಯ್ಡ್ ರೋಗಿಗೆ ಅದೇ ಶಸ್ತ್ರಚಿಕಿತ್ಸೆ ಮಾಡಿದರೆ ಕಷ್ಟ ಮಾತ್ರ ಸಿಗುತ್ತದೆ. ಚೀಲ ಸುಲಿದರೂ ಒಳಗಿನ ಗೋಡೆ ಅರಳುವುದಿಲ್ಲವಲ್ಲ. ವರದಿಯಲ್ಲಿ ಗೋಡೆಯ ದಪ್ಪ ಎಷ್ಟಿದೆ?

ಬಯಲುಸೀಮೆ | ಜೂನ್ 12, ಬೆಳಿಗ್ಗೆ 7.30

ಗೋಡೆ 9 ಮಿ.ಮೀ., ವೇಗ 12 ಎಂದಿದೆ, ಸಿಟಿಯಲ್ಲಿ ಸುಣ್ಣ ಕಟ್ಟಿದೆ ಎಂದು ಬರೆದಿದ್ದಾರೆ. ಶಸ್ತ್ರಚಿಕಿತ್ಸಕರನ್ನೇ ಹೋಗಿ ಕೇಳುತ್ತೇವೆ. ತುಂಬಾ ಧನ್ಯವಾದ.

ಥೇಮ್ಸ್ ತೀರದ ಕನ್ನಡತಿ | ಜೂನ್ 12, ಮಧ್ಯಾಹ್ನ 3.50

ಲಂಡನ್ನಿನಲ್ಲಿ ನರ್ಸ್. ಇಲ್ಲಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಇಡೀ ದೇಶದ ಅಮೈಲಾಯ್ಡ್ ರೋಗಿಗಳನ್ನು ನೋಡುವ ರಾಷ್ಟ್ರೀಯ ಕೇಂದ್ರ ಇದೆ. ನಮ್ಮ ವಾರ್ಡಿನಿಂದಲೂ ಅಲ್ಲಿಗೆ ಕಳಿಸುತ್ತೇವೆ.

ಅಮೈಲಾಯ್ಡ್ ಯಾವ ಬಗೆ ಎಂದು ತಿಳಿಯಲು ಮಾಡುವ ಸ್ಕ್ಯಾನ್ ಬಗ್ಗೆ ಒಂದು ಮಾತು. ಭಾರತದಲ್ಲಿ ಪೈರೊಫಾಸ್ಫೇಟ್ ಬಳಸುತ್ತಾರೆ, ಇಲ್ಲಿ ಡಿಪಿಡಿ. ಎರಡೂ ಮೂಲತಃ ಮೂಳೆ ನೋಡಲು ಬಳಸುತ್ತಿದ್ದ ವಸ್ತುಗಳು, ಎಟಿಟಿಆರ್ ಇದ್ದರೆ ಹೃದಯವನ್ನೂ ಹೊಳೆಸುತ್ತವೆ. 2ನೇ ಅಥವಾ 3ನೇ ದರ್ಜೆಯ ಹೊಳಪು ಇದ್ದು, ಲೈಟ್ ಚೈನ್ ಮುಂತಾದ ಮೂರೂ ಪರೀಕ್ಷೆಗಳಲ್ಲಿ ಏನೂ ಇಲ್ಲದಿದ್ದರೆ ಹೃದಯದ ಬಯಾಪ್ಸಿ ಇಲ್ಲದೆಯೇ ಎಟಿಟಿಆರ್ ಎನ್ನಬಹುದು. 2016ರಿಂದ ಈ ಕ್ರಮ ನಡೆದು ಬಂದಿದೆ. ಆದರೆ ಕೆಲವು ಎಎಲ್ ರೋಗಿಗಳ ಹೃದಯವೂ ಹೊಳೆಯುತ್ತದೆ. ರಕ್ತ ಪರೀಕ್ಷೆ ಬಿಟ್ಟು ಸ್ಕ್ಯಾನ್ ಒಂದನ್ನೇ ನಂಬಿದರೆ ಕೀಮೋ ಬೇಕಾದ ರೋಗಿ ತಪ್ಪು ಸರದಿಯಲ್ಲಿ ನಿಲ್ಲುತ್ತಾರೆ. ಅದೇ ಸ್ಕ್ಯಾನಿನ ಮೂರು ಆಯಾಮದ ಸ್ಪೆಕ್ಟ್ ಚಿತ್ರವನ್ನೂ ತೆಗೆಸಿ. ಹೊಳೆಯುತ್ತಿರುವುದು ಗೋಡೆಯೋ, ಕೋಣೆಯೊಳಗಿನ ರಕ್ತವೋ ತಿಳಿಯಬೇಕು.

ಸಾಗರದ ಹುಡುಗಿ | ಜೂನ್ 24, ಸಂಜೆ 6.20

ಎಲ್ಲ ವರದಿಗಳು ಬಂದವು. ಮೂರೂ ಪರೀಕ್ಷೆಗಳಲ್ಲಿ ಏನೂ ಇಲ್ಲ. ಸ್ಕ್ಯಾನ್ 3ನೇ ದರ್ಜೆ, ಸ್ಪೆಕ್ಟ್‌ನಲ್ಲಿ ಗೋಡೆಯೇ ಹೊಳೆದಿದೆ. ಪರದೆಯ ಮೇಲೆ ಪಕ್ಕೆಲುಬುಗಳಿಗಿಂತ ಹೃದಯವೇ ಪ್ರಕಾಶವಾಗಿತ್ತು. ಅಪ್ಪ ಅದನ್ನು ನೋಡಿ, ದೀಪಾವಳಿಗೆ ಇನ್ನೂ ದಿನವಿದೆಯಲ್ಲ ಎಂದರು. ಜೀನ್ ಪರೀಕ್ಷೆಗೂ ಕಳಿಸಿದ್ದಾರೆ. ವಂಶಪಾರಂಪರ್ಯದ್ದಾದರೆ ನಾನೂ ತಮ್ಮನೂ ಮಾಡಿಸಿಕೊಳ್ಳಬೇಕಂತೆ.

ಕಾಯಿಲೆಯ ವಿಷಯ ಅಪ್ಪನಿಗೆ ಅಂದೇ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, ಬಟ್ಟೆ ಬಿಗಿಯಾಗಿದೆ ಎಂದು ಇಷ್ಟು ದಿನ ಅಸ್ತರು ಬಿಚ್ಚುತ್ತಿದ್ದರು ಅನ್ನು ಎಂದರು.

ಟಾಫಮಿಡಿಸ್ ಎಂಬ ಔಷಧದ ಬಗ್ಗೆ ಹೇಳಿದ್ದಾರೆ. ಬೆಲೆ ಕೇಳಿ ತಮ್ಮ ಎದ್ದು ಹೊರಗೆ ಹೋದ.

ಕಲಬುರಗಿ ವೈದ್ಯೆ | ಜೂನ್ 24, ರಾತ್ರಿ 10.30

ಟಾಫಮಿಡಿಸ್ ಮಾಡುವುದು ಟ್ರಾನ್ಸ್‌ಥೈರೆಟಿನ್‌ನ ನಾಲ್ಕು ತುಂಡುಗಳು ಬಿಚ್ಚಿಕೊಳ್ಳದಂತೆ ಹಿಡಿದಿಡುವ ಕೆಲಸ. ಈಗಾಗಲೇ ಕುಳಿತಿರುವುದನ್ನು ಅದು ಕರಗಿಸುವುದಿಲ್ಲ. 441 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 30 ತಿಂಗಳ ಕೊನೆಗೆ ಔಷಧ ಪಡೆದವರಲ್ಲಿ 29.5 ಶೇಕಡಾ, ಪಡೆಯದವರಲ್ಲಿ 42.9 ಶೇಕಡಾ ಮಂದಿ ತೀರಿಕೊಂಡಿದ್ದರು. ಲಾಭ ನಿಜ, ಆದರೆ ಅದು ನಿಧಾನ, ಬೇಗ ಶುರು ಮಾಡಿದವರಿಗೆ ಹೆಚ್ಚು. ಅಕೊರಾಮಿಡಿಸ್‌ನದೂ ಇದೇ ದಾರಿ, ಅಮೆರಿಕದಲ್ಲಿ 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಯಕೃತ್ತು ಆ ಪ್ರೋಟೀನನ್ನು ತಯಾರಿಸುವುದನ್ನೇ ತಗ್ಗಿಸುವ ವುಟ್ರಿಸಿರಾನ್ ಇಂಜೆಕ್ಷನ್‌ಗೆ 2025ರಲ್ಲಿ ಅಲ್ಲಿ ಒಪ್ಪಿಗೆ ಬಂತು.

ಕೊಳ್ಳಲಾಗದಿದ್ದರೆ ಏನೂ ಮಾಡುವಂತಿಲ್ಲ ಎಂದಲ್ಲ. ನೀರಿನಂಶದ ಹಿಡಿತ, ಹೆಪ್ಪುಗಟ್ಟದಂತೆ ಕಾಯುವುದು, ನಾಡಿ ತೀರಾ ನಿಧಾನವಾದರೆ ಪೇಸ್‌ಮೇಕರ್. ಇವು ಸಣ್ಣ ಕೆಲಸಗಳಲ್ಲ. ನೀರು ಮತ್ತೆ ತುಂಬುತ್ತಿದೆಯೇ ಎಂದು ಮೊದಲ ಕೆಲವು ತಿಂಗಳು ಎಕೋ ಮಾಡಿಸುತ್ತಿರಿ. ಪ್ರತಿ ಬಾರಿಯೂ ಹಳೆಯ ಚಿತ್ರಗಳ ಸಿಡಿ ಜೊತೆಗಿರಲಿ.

ಥೇಮ್ಸ್ ತೀರದ ಕನ್ನಡತಿ | ಜೂನ್ 25, ಬೆಳಿಗ್ಗೆ 1.15

ತಮ್ಮನಿಗೆ ಹೇಳಿ, ಬೆಲೆ ನೋಡಿ ಹಿಂದೆ ಸರಿದವರಲ್ಲಿ ಅವನೊಬ್ಬನೇ ಅಲ್ಲ. ಟಾಫಮಿಡಿಸ್ ಕೊಟ್ಟ ಹಣಕ್ಕೆ ತಕ್ಕದ್ದಲ್ಲ ಎಂದು ಇಂಗ್ಲೆಂಡಿನ ಸರ್ಕಾರಿ ವ್ಯವಸ್ಥೆಯೂ 2021ರಲ್ಲಿ ಬೇಡವೆಂದಿತ್ತು. ಒಪ್ಪಿಕೊಂಡದ್ದು 2024ರಲ್ಲಿ. ತಯಾರಕರ ರೋಗಿ ಸಹಾಯ ಯೋಜನೆ ಏನಾದರೂ ಇದೆಯೇ ಎಂದು ನಿಮ್ಮ ವೈದ್ಯರ ಮೂಲಕ ಕೇಳಿ ನೋಡಿ.

ಸಾಗರದ ಹುಡುಗಿ | ಜುಲೈ 19, ರಾತ್ರಿ 9.05

ಜೀನ್‌ನಲ್ಲಿ ಬದಲಾವಣೆ ಇಲ್ಲ. ವಯಸ್ಸಿನ ಎಟಿಟಿಆರ್ ಎಂದರು. ನೀರು 6 ಮಿ.ಮೀ.ನಲ್ಲಿ ನಿಂತಿದೆ. ಔಷಧದ ಅರ್ಜಿ ಹಾಕಿದ್ದೇವೆ, ಉತ್ತರ ಬಂದಿಲ್ಲ. ಹಳೆಯ ಅಳತೆ ಪುಸ್ತಕದ ಖಾಲಿ ಹಾಳೆಗಳಲ್ಲಿ ಅಪ್ಪ ತಮ್ಮ ತೂಕ ಬರೆಯುತ್ತಿದ್ದಾರೆ. ಎದೆ, ಸೊಂಟ, ತೋಳು ಎಂಬ ಅಂಕಣಗಳಿದ್ದಲ್ಲಿ 61.2, 61.0, 61.6. ಒಂದು ಕಿಲೋ ಏರಿದರೆ ಫೋನ್ ಮಾಡು ಎಂದು ಅಮ್ಮನಿಗೆ ಕೆಂಪು ಪೆನ್ಸಿಲ್ ಕೊಟ್ಟಿದ್ದಾರೆ.

ಹಾಸನದ ಓದುಗ | ಜುಲೈ 20, ಬೆಳಿಗ್ಗೆ 8.10

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಮ್ಮ ತಂದೆಗೆ 71, ಬಡಗಿ. ಎರಡೂ ಕೈಗೆ ಕಾರ್ಪಲ್ ಟನಲ್ ಆಗಿದೆ, ಕಳೆದ ವರ್ಷ ಬಿಪಿ ಮಾತ್ರೆ ನಿಲ್ಲಿಸಿದರು. ಈಗ ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಎಕೋದಲ್ಲಿ ಸ್ವಲ್ಪ ನೀರಿದೆ, ಪರವಾಗಿಲ್ಲ ಎಂದಿದ್ದಾರೆ.

ಪ್ರೋಬ್ ಹಿಡಿದವನು | ಜುಲೈ 20, ಬೆಳಿಗ್ಗೆ 8.25

ಗೋಡೆ ಎಷ್ಟು? ಇಸಿಜಿ ಹಾಕಿ.